ಭಾವನಿಗೆ ಆಗಿದೆಯೋ ಇಲ್ಲವೋ

ನಾಲ್ಕು ವರ್ಷ ಒಬ್ಬರೇ ಕೂತು ಧ್ಯಾನ ಮಾಡಿ ಮನೆಗೆ ಬಂದ ದಿನ ನನ್ನ ಭಾವ ಮೊದಲು ಕೇಳಿದ್ದು ಕುಡಿಯಲು ನೀರನ್ನಲ್ಲ, ಅಕ್ಕನ ಕ್ಷೇಮವನ್ನೂ ಅಲ್ಲ. ಅಂಗಡಿಯ ಮೆಟ್ಟಿಲ ಮೇಲೆ ಚೀಲ ಇಳಿಸಿ, ಬೆಳಕಿಗೆ ಮುಖ ಕೊಟ್ಟು ನಿಂತು, "ನನ್ನಲ್ಲಿ ಏನಾದ್ರೂ ವ್ಯತ್ಯಾಸ ಕಾಣ್ತಿದೆಯಾ?" ಎಂದು ಕೇಳಿದರು. ಅಕ್ಕ ಯಾರದೋ ಕನ್ನಡಕಕ್ಕೆ ತಿರುಪು ಬಿಗಿಯುತ್ತಿದ್ದಳು. ತಲೆಯೆತ್ತಿ ನೋಡಿದಳು, ಬಹಳ ಹೊತ್ತು ನೋಡಿದಳು. ಆಮೇಲೆ, "ತೂಕ ಇಳಿದಿದೆ" ಎಂದಳು.

ನಾನು ನಕ್ಕುಬಿಟ್ಟೆ. ಭಾವ ನಗಲಿಲ್ಲ, ಸಿಟ್ಟೂ ಆಗಲಿಲ್ಲ. ಸಿಟ್ಟಾಗದೆ ಇದ್ದದ್ದನ್ನು ನಾವು ಗಮನಿಸಿದೆವೋ ಇಲ್ಲವೋ ಎಂದು ನಮ್ಮಿಬ್ಬರ ಮುಖವನ್ನೂ ಒಮ್ಮೆ ನೋಡಿಕೊಂಡರು. ಆಗಲೇ ನನಗೆ ಗೊತ್ತಾಯಿತು, ಈ ಮನೆಗೆ ಬಂದಿರುವುದು ನೆಮ್ಮದಿಯಲ್ಲ, ಪರೀಕ್ಷೆ ಅಂತ.

ನಮ್ಮದು ಕನ್ನಡಕದ ಅಂಗಡಿ. ಕೆಳಗೆ ಅಂಗಡಿ, ಮೇಲೆ ಎರಡು ಕೋಣೆಯ ಮನೆ, ನಡುವೆ ಇಬ್ಬರು ಎದುರುಬದುರಾದರೆ ಒಬ್ಬರು ಹಿಂದೆ ಹೋಗಲೇಬೇಕಾದಷ್ಟು ಕಿರಿದಾದ ಮೆಟ್ಟಿಲು. ಭಾವ ಕಣ್ಣು ಪರೀಕ್ಷೆ ಮಾಡುತ್ತಿದ್ದರು, ಅಕ್ಕ ಗಾಜು ಉಜ್ಜಿ ಫ್ರೇಮಿಗೆ ಕೂರಿಸುತ್ತಿದ್ದಳು. ಬೀದಿಯವರು ಭಾವನಿಗೆ ಇಟ್ಟ ಹೆಸರು ಪಟಾಕಿ. ಕೋಪ ಮೂಗಿನ ತುದಿಯಲ್ಲಿ, ಅದರ ಮೇಲೆ ಕನ್ನಡಕ, ಹಾಗಾಗಿ ಎದುರಿಗಿದ್ದವರು ಯಾವಾಗಲೂ ಕೋಪದ ಮೂಲಕವೇ ಕಾಣಿಸುತ್ತಿದ್ದರು ಅವರಿಗೆ. ಗಿರಾಕಿ "ಇದೂ ಅದೂ ಎರಡೂ ಒಂದೇ ಥರ ಕಾಣ್ತಿದೆ" ಅಂದರೆ ಸಾಕು, "ನಿಮ್ಮ ಕಣ್ಣು ನಿಮಗೇ ಗೊತ್ತಿಲ್ಲ ಅಂದ್ರೆ ನನಗೆ ಹೇಗ್ರೀ ಗೊತ್ತಾಗ್ಬೇಕು?" ಎಂದು ಅಬ್ಬರಿಸುತ್ತಿದ್ದರು. ಅಂಗಡಿ ಇಷ್ಟು ವರ್ಷ ಉಳಿದದ್ದು ಅಕ್ಕನಿಂದ. ಸಿಟ್ಟಾಗಿ ಎದ್ದು ಹೋದವರನ್ನು ತಿರುವಿನವರೆಗೆ ಹೋಗಿ ಕರೆದುಕೊಂಡು ಬರುವಳು ಅವಳು.

ಅಕ್ಕನ ವಿಷಯದಲ್ಲಿ ಒಂದು ಮಾತು ಹೇಳಲೇಬೇಕು. ನಮ್ಮ ಅಂಗಡಿಯಲ್ಲಿ ಸರದಿಗೆ ಕಾಯುವವರ ಬೆಂಚು ಅಕ್ಷರದ ಬೋರ್ಡಿನ ಎದುರಿಗೇ ಇದೆ. ಮುಂದಿನವರು ಓದುವುದನ್ನು ಕೇಳಿ ಕೇಳಿ ಹಿಂದೆ ಕೂತವರಿಗೆ ಸಾಲು ಬಾಯಿಪಾಠ ಆಗಿಬಿಡುತ್ತದೆ. ಕುರ್ಚಿಗೆ ಬಂದು ಕೂತ ಕೂಡಲೇ ಕಟ್ಟಕಡೆಯ ಸಾಲನ್ನೂ ಗಡಗಡ ಹೇಳುತ್ತಾರೆ. ಮೋಸ ಮಾಡಬೇಕೆಂದಲ್ಲ, ಕಾಣದೆ ಇರುವುದು ಒಂದು ಸೋಲು ಎಂದುಕೊಂಡಿರುತ್ತಾರೆ ಪಾಪ. "ಆಯ್ತು, ಆಯ್ತು, ಇದೇ ಸಾಕು" ಅನ್ನುತ್ತಾರೆ. ಭಾವ ನಂಬಿಬಿಡುತ್ತಿದ್ದರು. ಅಕ್ಕ ಮಾತ್ರ ಮೆಲ್ಲಗೆ ಎದ್ದು ಹೋಗಿ ಬೋರ್ಡನ್ನು ತಿರುಗಿಸುತ್ತಿದ್ದಳು. ಹಿಂಬದಿಯಲ್ಲಿ ಬೇರೆ ಅಕ್ಷರ. ಆಗ ನಿಜ ಹೊರಗೆ ಬೀಳುತ್ತಿತ್ತು. ಯಾರ ಮುಖ ಉಳಿಸುವುದಕ್ಕೂ ಅವಳು "ಹೌದು, ಕಾಣುತ್ತೆ ನಿಮಗೆ" ಎಂದದ್ದು ನಾನು ಕೇಳಿಲ್ಲ.

ಭಾವನ ತಲೆಗೆ ಧ್ಯಾನದ ಹುಳ ಬಿಟ್ಟವರು ಒಬ್ಬ ಮುದುಕರು. ರೈಲ್ವೆಯಲ್ಲಿ ಸಿಗ್ನಲ್ ಎಳೆಯುತ್ತಿದ್ದು ನಿವೃತ್ತರಾದವರು, ಊರಾಚೆ ಒಬ್ಬರೇ ಇದ್ದರು. ಅವರ ಬಳಿ ನಾಲ್ಕಾರು ಜನ ಕೂರುವುದನ್ನು ಕಲಿಯುತ್ತಿದ್ದರು. ಕನ್ನಡಕಕ್ಕೆಂದು ಬಂದ ದಿನ ಭಾವ ಯಾರ ಮೇಲೋ ಕೂಗಾಡುತ್ತಿದ್ದರು. ಕೂಗು ಮುಗಿಯುವವರೆಗೆ ಕಾದು ಕೂತ ಮುದುಕರು, "ಈಗ ಕೂಗಿದ್ರಲ್ಲ, ಆ ಕೂಗಿದವರನ್ನ ನೀವು ಯಾವತ್ತಾದ್ರೂ ನೋಡಿದ್ದೀರಾ?" ಎಂದು ಕೇಳಿದರು. ತಮಾಷೆಯಲ್ಲ, ನಿಜವಾಗಿ ತಿಳಿದುಕೊಳ್ಳಲು ಕೇಳಿದ ಹಾಗೆ ಕೇಳಿದರು. ಭಾವನ ಬಾಯಿ ಕಟ್ಟಿದ್ದನ್ನು ಅಂದೇ ಮೊದಲು ನೋಡಿದ್ದು ನಾನು.

ಆಮೇಲೆ ವಾರಕ್ಕೊಮ್ಮೆ ಹೋಗುವುದು, ವಾರಕ್ಕೆ ಮೂರು ಸಲ ಹೋಗುವುದು, ಕೊನೆಗೆ ಒಂದು ಬೆಳಿಗ್ಗೆ ಘೋಷಣೆ. ಬತ್ತಿದ ಜಲಾಶಯದ ಪಕ್ಕದಲ್ಲಿ ಬಳಕೆಯಲ್ಲಿಲ್ಲದ ಒಂದು ಪಂಪ್‌ಹೌಸ್ ಇತ್ತು. ಅಲ್ಲಿ ಒಬ್ಬರೇ ಕೂರುತ್ತಾರಂತೆ. "ಆಗೋವರೆಗೂ ಮನೆಗೆ ಬರಲ್ಲ. ಆದ್ಮೇಲೆ ಎಲ್ಲೂ ಹೋಗಲ್ಲ" ಎಂದರು. ಏನು ಆಗುವುದು ಎಂದು ನಾನು ಕೇಳಿದೆ. ಅದಕ್ಕೆ ಹೆಸರಿಲ್ಲ ಎಂದರು. ಹೆಸರಿಲ್ಲದ ಊರಿಗೆ ಟಿಕೆಟ್ ತೆಗೆದುಕೊಂಡ ಹಾಗಾಯಿತು ಎಂದು ನಾನು ಒಂದು ಮಾತು ಎಸೆದೆ. ಅಕ್ಕ ಮಾತ್ರ, ಅಲ್ಲಿ ಚಳಿ ಇರುತ್ತದೆಯೋ ಎಂದಷ್ಟೇ ವಿಚಾರಿಸಿ ದಪ್ಪ ಹೊದಿಕೆಯೊಂದನ್ನು ಮಡಿಸಿ ಕೊಟ್ಟಳು.

ನಾಲ್ಕು ವರ್ಷ. ಕಣ್ಣು ಪರೀಕ್ಷೆಯನ್ನೂ ಅಕ್ಕನೇ ಕಲಿತಳು. ಮದುವೆ ಗೊಡವೆ ಇಲ್ಲದ ತಂಗಿಯೆಂದು ನಾನು ಗಾಜು ಉಜ್ಜುವ ಯಂತ್ರದ ಮುಂದೆ ಕೂತೆ. ಭಾನುವಾರ ಬಸ್ಸು ಹತ್ತಿ ಹೋಗಿ ಪಂಪ್‌ಹೌಸಿನ ಮೆಟ್ಟಿಲ ಮೇಲೆ ವಾರದ ಸಾಮಾನಿನ ಚೀಲ ಇಟ್ಟು, ಹಳೆಯ ಚೀಲ ತರುವುದು ನನ್ನ ಪಾಲಿಗೆ. ಬಾಗಿಲು ಮುಚ್ಚಿರುತ್ತಿತ್ತು. ಮಾತಾಡಿಸುವ ಹಾಗಿಲ್ಲ. ಒಳಗಿಂದ ಒಂದು ಕೆಮ್ಮು ಕೇಳುವವರೆಗೆ ಕಾದು ವಾಪಸ್ಸು ಬರುತ್ತಿದ್ದೆ. ಮನೆಗೆ ಬಂದಾಗ ಅಕ್ಕ ಕೇಳುತ್ತಿದ್ದದ್ದು ಒಂದೇ, "ಕೆಮ್ಮಿದ್ರಾ?" ಹೂಂ ಅಂದರೆ ಅವಳ ವಾರ ಕಳೆಯುತ್ತಿತ್ತು. ಒಂದು ಭಾನುವಾರ ಕೆಮ್ಮು ಕೇಳಲೇ ಇಲ್ಲ, ಕೊನೆಯ ಬಸ್ಸಿಗೆ ಹೊತ್ತಾಯಿತು, ಕೇಳಿತು ಎಂದು ಸುಳ್ಳು ಹೇಳಿದೆ. ಆ ಸುಳ್ಳಿಗೆ ನನಗೆ ಇವತ್ತಿಗೂ ಪಶ್ಚಾತ್ತಾಪವಿಲ್ಲ.

ಈಗ ಭಾವ ಬಂದಿದ್ದರು. ಹಾಗಾದರೆ ಆಗಿದೆ ಎಂದೇ ತಾನೇ ಅರ್ಥ? ಅಕ್ಕನಿಗೂ ಹಾಗೇ ಅನಿಸಿತ್ತು. ಅವಳ ಕಾಲು ಒಂದು ವಾರ ನೆಲದ ಮೇಲಿರಲಿಲ್ಲ. ಮೇಲಿನ ಕೋಣೆಗೆ ಹೊಸ ಪರದೆ ಹೊಲಿದಳು, ಕಿಟಕಿಯ ಪಕ್ಕಕ್ಕೆ ಮಂಚ ಎಳೆಸಿದಳು, ಬೆಳಿಗ್ಗೆ ನಾನು ಇಳಿದು ಬರುವಷ್ಟರಲ್ಲಿ ಗುನುಗುತ್ತ ಇರುತ್ತಿದ್ದಳು. ಅವಳಿಗೆ ಐವತ್ತೆರಡು. ಐವತ್ತೆರಡರ ಹೆಂಗಸು ಗುನುಗುವುದನ್ನು ಕೇಳಿ ನನಗೆ ಸಂತೋಷಕ್ಕಿಂತ ಹೆದರಿಕೆಯೇ ಹೆಚ್ಚಾಯಿತು.

ಎಂಟನೆಯ ದಿನ ಭಾವ ನಿಜ ಹೇಳಿದರು. ಒಂದು ಬೆಳಗಿನ ಜಾವ ಕೂತಿದ್ದಾಗ ಎಲ್ಲ ನಿಂತುಹೋಯಿತಂತೆ. ಉಸಿರು, ಗೋಡೆ, ಕೂತಿದ್ದೇನೆ ಎಂಬುದು ಕೂಡ. ಎಷ್ಟು ಹೊತ್ತೋ ತಿಳಿಯದು. ಎದ್ದಾಗ ಗೋಡೆಯ ಮೇಲೆ ಬಿಸಿಲು ಇಳಿಯುತ್ತಿತ್ತಂತೆ, ಹಲ್ಲಿಯೊಂದನ್ನು ನೋಡಿ ಕಣ್ಣಲ್ಲಿ ನೀರು ಬಂತಂತೆ. ತಿಂಗಳಿಗೊಮ್ಮೆ ಬರುತ್ತಿದ್ದ ಮುದುಕರು ಬಂದಾಗ ಇದನ್ನೆಲ್ಲ ಒಂದೂ ಬಿಡದೆ ಹೇಳಿದರಂತೆ. ಮುದುಕರು ಪೂರ್ತಿ ಕೇಳಿ, "ಆಯ್ತು" ಎಂದರಂತೆ. ಚಪ್ಪಲಿ ಹಾಕಿಕೊಂಡು ಹೊರಟುಹೋದರಂತೆ. ನಾಲ್ಕನೆಯ ದಿನ ತೀರಿಕೊಂಡರು.

"ಆಯ್ತು ಅಂದ್ರೆ ಏನು?" ಭಾವ ನಮ್ಮಿಬ್ಬರನ್ನೂ ಕೇಳಿದರು. "ನಿನಗೆ ಆಯ್ತು, ಮನೆಗೆ ಹೋಗು ಅಂತಲಾ? ಇಲ್ಲ, ಆಯ್ತಪ್ಪ ಕೇಳಿಸ್ಕೊಂಡೆ ಅಂತಲಾ?"

ನಾವು ದಿನಕ್ಕೆ ನೂರು ಸಲ ಆಡುವ ಮಾತು. ಊಟ ಆಯ್ತು, ಕೆಲಸ ಆಯ್ತು, ಸರಿ ಬರ್ತೀನಿ ಅನ್ನುವುದಕ್ಕೂ ಆಯ್ತು, ತಲೆ ತಿನ್ನಬೇಡ ಅನ್ನುವುದಕ್ಕೂ ಆಯ್ತು. ಪಕ್ಕದ ಮನೆಯಲ್ಲಿ ಯಾರೋ ಹೋಗಿಬಿಟ್ಟರೆ ಅದಕ್ಕೂ "ಅವರದ್ದು ಆಯ್ತು" ಅನ್ನುತ್ತೇವೆ. ಮುದುಕರಿಗೆ ತಮ್ಮ ಸಾವಿನ ಸುಳಿವು ಸಿಕ್ಕಿ ಹಾಗೆಂದರೋ ಏನೋ. ಬೇರೆ ಯಾವ ಪದ ಹೇಳಿದ್ದರೂ ಬದುಕಿಕೊಳ್ಳುತ್ತಿದ್ದೆವು. ಈ ಒಂದು ಪದದ ಅಡಿಯಲ್ಲಿ ನಾಲ್ಕು ವರ್ಷ ಸಿಕ್ಕಿಹಾಕಿಕೊಂಡಿತ್ತು.

ಅಂಗೈ ಹುಣ್ಣಿಗೆ ಕನ್ನಡಿ ಬೇಕೇ ಅನ್ನುತ್ತಾರಲ್ಲ, ನಮ್ಮ ಭಾವನಿಗೆ ಬೇಕಾಗಿತ್ತು. ಬೆಳಿಗ್ಗೆ ಕೂರುತ್ತಿದ್ದರು, ಕಾಲು ಗಂಟೆಗೆ ಎದ್ದುಬಿಡುತ್ತಿದ್ದರು. ಮೇಲಿನ ಕೋಣೆಯ ಹಲಗೆ ನೆಲ ದಿನವಿಡೀ ಕಿರುಗುಟ್ಟುತ್ತಿತ್ತು, ಕಿಟಕಿಯಿಂದ ಬಾಗಿಲಿಗೆ, ಬಾಗಿಲಿಂದ ಕಿಟಕಿಗೆ. ಪುಸ್ತಕಗಳಲ್ಲಿ ಲಕ್ಷಣಗಳನ್ನು ಹುಡುಕಿ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದರು. ಆದವನಿಗೆ ಹೆದರಿಕೆ ಇರುವುದಿಲ್ಲ. ಆದವನು ಹೊಗಳಿಕೆಗೆ ಹಿಗ್ಗುವುದಿಲ್ಲ. ಆದವನ ನಿದ್ದೆಯಲ್ಲಿ ಕನಸಿಲ್ಲ. ಬೆಳಿಗ್ಗೆ ಎದ್ದು ಕನಸು ಬಿತ್ತೋ ಇಲ್ಲವೋ ಎಂದು ನೆನಪು ಮಾಡಿಕೊಳ್ಳುತ್ತ ಹಲ್ಲುಜ್ಜುವ ಬ್ರಷ್ ಹಿಡಿದು ಅರ್ಧ ಗಂಟೆ ನಿಂತಿರುತ್ತಿದ್ದರು.

ನನಗೂ ತಲೆ ಕೆಟ್ಟಿತು. ನಾನೂ ಪರೀಕ್ಷೆಗಿಳಿದೆ. ಅವರ ಚಪ್ಪಲಿ ಬಚ್ಚಿಟ್ಟೆ. ಅವರು ಬರಿಗಾಲಲ್ಲಿ ಹೋಗಿಬಂದರು. ಚಹಾಕ್ಕೆ ಉಪ್ಪು ಹಾಕಿ ಕೊಟ್ಟೆ. ಕುಡಿದು ಲೋಟ ತೊಳೆದಿಟ್ಟರು. ಗಿರಾಕಿಗಳ ಎದುರಿಗೇ, "ಭಾವ, ನೀವಿಲ್ಲದ ನಾಲ್ಕು ವರ್ಷ ಒಬ್ಬ ಗಿರಾಕಿನೂ ಎದ್ದು ಹೋಗಿಲ್ಲ" ಎಂದೆ. ಹಿಂದಿನ ಪಟಾಕಿಯಾಗಿದ್ದರೆ ಷಟರ್ ಹಾರಿಹೋಗುತ್ತಿತ್ತು. ಈಗ ಒಂದು ಕಿರುನಗೆ. ಆದರೆ ಕಿವಿಯ ಪಕ್ಕದಲ್ಲಿ ಒಂದು ನರ ಹೊಡೆದುಕೊಳ್ಳುತ್ತಿತ್ತು, ಅದನ್ನು ನಾನೂ ನೋಡಿದೆ, ಅವರೂ ಬೆರಳಿಟ್ಟು ನೋಡಿಕೊಂಡರು. ಬೀದಿಯವರು ಒದ್ದೆ ಪಟಾಕಿ ಎಂದು ಹೆಸರು ತಿದ್ದಿದರು. ಒದ್ದೆಯೋ, ಬೂದಿ ಮುಚ್ಚಿದ ಕೆಂಡವೋ, ಯಾರಿಗೆ ಗೊತ್ತು.

ಅಕ್ಕನ ಗುನುಗು ನಿಂತಿತ್ತು. ಆಗಿಲ್ಲವೆಂದು ಗೊತ್ತಾದರೆ ಭಾವ ಮತ್ತೆ ಪಂಪ್‌ಹೌಸಿಗೆ ಹೊರಡುತ್ತಾರೆ. ಈ ಸಲ ನಾಲ್ಕೋ, ಎಂಟೋ. ಅಕ್ಕ ಪರದೆಯ ಅಂಚನ್ನು ಬಿಚ್ಚಿ ಮತ್ತೆ ಹೊಲಿಯುತ್ತ ಕೂರುತ್ತಿದ್ದಳು, ಹೊಲಿಗೆ ಸರಿಯಾಗಿಯೇ ಇದ್ದರೂ.

ಮುದುಕರ ಬಳಿ ಇಪ್ಪತ್ತು ವರ್ಷ ಕಲಿತ ಒಬ್ಬರು ಉಳಿದಿದ್ದರು. ಹೆಣ್ಣುಮಕ್ಕಳ ಶಾಲೆಯ ನಿವೃತ್ತ ಹೆಡ್‌ಮಿಸ್. ಭಾವ ಕಾಗದ ಬರೆದು ಕರೆಸಿದರು. ಕೈಯಲ್ಲಿ ಛತ್ರಿ, ಕಾಲಲ್ಲಿ ಕ್ಯಾನ್‌ವಾಸ್ ಶೂ, ಎಂಬತ್ತರ ಹತ್ತಿರದ ವಯಸ್ಸು. ಮೇಲಿನ ಕೋಣೆಯಲ್ಲಿ ಒಂದು ಗಂಟೆ ಭಾವನನ್ನು ಮಾತಾಡಿಸಿ, ಕೆಳಗೆ ಬಂದು ಗಿರಾಕಿಗಳ ಬೆಂಚಿನ ಮೇಲೆ ಕೂತು ಚಹಾ ಕೇಳಿದರು. ಭಾವ ಹಿಂದೆಯೇ ಬಂದು ನಿಂತರು, ಫಲಿತಾಂಶಕ್ಕೆ ಕಾದ ಮಗುವಿನ ಹಾಗೆ. ನನಗೆ ನೋಡಲಾಗಲಿಲ್ಲ.

ಆಕೆ ಹೇಳಿದ್ದು ಇಷ್ಟು. ಮುದುಕರು ಮೂವತ್ತು ವರ್ಷ ಸಿಗ್ನಲ್ ಕ್ಯಾಬಿನ್ನಿನಲ್ಲಿದ್ದವರು. ರೈಲು ದಾಟಿ ಹೋದ ಮೇಲೆ ಸನ್ನೆಕೋಲನ್ನು ಹಿಂದಕ್ಕೆ ತಳ್ಳಿ "ಆಯ್ತು" ಅನ್ನುವುದು ಅವರ ಅಭ್ಯಾಸ. ಈ ರೈಲು ಹೋಯಿತು, ಹಳಿ ಖಾಲಿಯಿದೆ, ಇನ್ನೊಂದು ಬರಬಹುದು ಅಂತ ಅದರರ್ಥ. ನಿವೃತ್ತರಾದ ಮೇಲೂ ನಾಲಿಗೆಯಿಂದ ಹೋಗಲಿಲ್ಲ. ಆಕೆಗೂ ಒಂದು ಕಾಲದಲ್ಲಿ ಹೀಗೇ ಎಲ್ಲ ನಿಂತುಹೋಗಿತ್ತು, ಓಡಿ ಹೋಗಿ ಹೇಳಿದ್ದರು, ಮುದುಕರು "ಆಯ್ತು" ಎಂದಿದ್ದರು. ಸಿಟ್ಟಿನಿಂದ ಎರಡು ವರ್ಷ ಆ ಕಡೆ ತಲೆ ಹಾಕಿರಲಿಲ್ಲವಂತೆ.

"ಹಾಗಾದ್ರೆ ನನಗೆ ಆಗಿಲ್ವಾ ಮೇಡಂ?" ಭಾವ ಕೇಳಿದರು.

"ನನಗೆ ಗೊತ್ತಿಲ್ಲಪ್ಪ. ನೀವು ಉತ್ತರ ಎಲ್ಲಾ ಸರಿಯಾಗಿ ಹೇಳಿದ್ರಿ. ಅದೇ ನನಗೆ ತೊಂದರೆ." ಆಕೆ ಚಹಾ ಊದಿ ಕುಡಿದರು. "ಅವರು ಯಾವತ್ತೂ ಶಿಷ್ಯರನ್ನ ಕೇಳಿ ತೀರ್ಮಾನ ಮಾಡ್ತಿರಲಿಲ್ಲ. ಆ ಮನೆ ಅಡುಗೆಮನೇಲಿ ಯಾರಿದ್ದಾರೋ ಅವರನ್ನ ಕೇಳ್ತಿದ್ರು."

ಹೇಳಿ, ಛತ್ರಿ ಊರಿಕೊಂಡು ಹೋಗಿಯೇಬಿಟ್ಟರು. ಬೆಂಕಿ ಹಚ್ಚಿ ಕೈ ಒರೆಸಿಕೊಳ್ಳುವ ಕೆಲವರಿರುತ್ತಾರೆ, ನೋಡಲು ಮಾತ್ರ ಬಹಳ ಒಳ್ಳೆಯವರು.

ಭಾವ ಅಕ್ಕನ ಕಡೆ ತಿರುಗಿದರು. ಒಂದು ತಿಂಗಳು ತನ್ನನ್ನು ಗಮನಿಸಬೇಕು, ಮೂವತ್ತನೆಯ ದಿನ ಹೇಳಬೇಕು ಎಂದರು. ಆಗಿದೆ ಎಂದರೆ ಪಂಪ್‌ಹೌಸಿನ ಮಾತೇ ಎತ್ತುವುದಿಲ್ಲ. ಇಲ್ಲ ಎಂದರೆ ಅಂದೇ ಹೊರಡುತ್ತೇನೆ. "ನೀನು ಯಾರಿಗೂ ಸುಳ್ಳು ಹೇಳಿದ್ದು ನಾನು ನೋಡಿಲ್ಲ. ನಿನ್ನ ಮಾತೇ ಕೊನೆ" ಎಂದರು.

ಎಂಥ ಮೆಚ್ಚುಗೆ ನೋಡಿ! ಗಂಡ ತನ್ನ ಜೊತೆಗಿರಬೇಕೆಂದರೆ ಅವಳು ಜೀವನದಲ್ಲಿ ಮೊದಲ ಸಲ ಸುಳ್ಳು ಹೇಳಬೇಕು. ನಿಜ ಹೇಳಿದರೆ ತನ್ನ ಕೈಯಾರೆ ಅವನ ಚೀಲ ತುಂಬಬೇಕು. ಅತ್ತ ದರಿ ಇತ್ತ ಪುಲಿ ಅನ್ನುವುದು ಇದಕ್ಕೇ. ಆ ಹೊತ್ತಿಗೆ ಭಾವನ ಮೇಲೆ ನನಗೆ ಬಂದ ಕೋಪಕ್ಕೆ ಅವರ ಹಳೆಯ ಕೋಪವೆಲ್ಲ ಸೇರಿದರೂ ಸಮ ಆಗುತ್ತಿರಲಿಲ್ಲ.

ಆ ತಿಂಗಳು ಹೇಗೆ ಕಳೆಯಿತೋ ಕಳೆದವರಿಗೇ ಗೊತ್ತು. ಭಾವ ಅಂಗಡಿಗೆ ಇಳಿದು ಬರತೊಡಗಿದರು, ಗಮನಿಸಲು ಅನುಕೂಲವಾಗಲಿ ಎಂದು. ಮೆಲ್ಲಗೆ ನಡೆಯುವರು, ಮೆಲ್ಲಗೆ ಮಾತಾಡುವರು, ಲೆನ್ಸಿನ ಡಬ್ಬಿಯನ್ನು ನಿದ್ದೆ ಹೋದ ಕೂಸೆಂಬಂತೆ ಎತ್ತಿಡುವರು. ಪ್ರತಿ ಸಲವೂ ಕಣ್ಣು ಒಮ್ಮೆ ಅಕ್ಕನ ಕಡೆ ಹೋಗಿ ಬರುವುದು. ಅಕ್ಕನಿಗೆ ಮೈಯೆಲ್ಲ ಮುಳ್ಳಾಗುತ್ತಿತ್ತು. ಅವಳ ಕೈ ತಪ್ಪತೊಡಗಿತು. ಎಡಗಣ್ಣಿನ ಗಾಜನ್ನು ಬಲಕ್ಕೆ ಕೂರಿಸಿ, ಬಿಚ್ಚಿ, ಮತ್ತೆ ಕೂರಿಸಿದಳು. ಇಷ್ಟು ವರ್ಷದಲ್ಲಿ ಅದೇ ಮೊದಲು.

ಹತ್ತೊಂಬತ್ತನೆಯ ದಿನವೋ ಇಪ್ಪತ್ತನೆಯದೋ, ಒಬ್ಬ ಬಸ್ ಕಂಡಕ್ಟರ್ ಬಂದ. ಕನ್ನಡಕ ಸಡಿಲವಾಗಿದೆ, ಹತ್ತು ನಿಮಿಷದಲ್ಲಿ ಬಸ್ಸು ಹೊರಡುತ್ತದೆ ಎಂದ. ಭಾವ ತಾವೇ ತೆಗೆದುಕೊಂಡರು. ಅಷ್ಟು ಮೆಲ್ಲಗೆ ಹಿಡಿದರೂ ಕಡ್ಡಿ ಲಟಕ್ಕೆಂದು ಮುರಿಯಿತು, ಗಾಜು ಜಾರಿ ನೆಲಕ್ಕೆ ಬಿದ್ದು ಬಿರುಕು ಬಿಟ್ಟಿತು. ಕಂಡಕ್ಟರ್ ಬಾಯಿಗೆ ಬಂದಂತೆ ಬೈದ. ಭಾವ ಕದಲಲಿಲ್ಲ. ಮುಖದಲ್ಲಿ ಒಂದು ಗೆರೆ ಅಲುಗಲಿಲ್ಲ. "ತಪ್ಪಾಯ್ತು" ಎಂದು ತಣ್ಣಗೆ ನಕ್ಕು, ಅಕ್ಕನ ಕಡೆ ನೋಡಿದರು. ನಾನು ಮನಸ್ಸಿನಲ್ಲೇ ನೂರಕ್ಕೆ ನೂರು ಹಾಕಿಬಿಟ್ಟೆ. ಕಂಡಕ್ಟರ್ ಮಾತ್ರ, "ಬೈಸ್ಕೊಂಡು ನಗ್ತೀರಲ್ರೀ" ಎಂದು ಇನ್ನಷ್ಟು ಉರಿದು, ತಿರುಗಿ ಹೊರಟವನು ಬಾಗಿಲ ಚೌಕಟ್ಟಿಗೆ ಹಣೆ ಚಚ್ಚಿಕೊಂಡ. ಅಕ್ಕ ಓಡಿ ಹೋಗಿ ಅವನ ಕೈ ಹಿಡಿದು ಕೂರಿಸಿ, ಹಳೆಯ ಫ್ರೇಮುಗಳ ಡ್ರಾಯರಿನಲ್ಲಿ ಹುಡುಕಿ ಹತ್ತಿರದ ಪವರಿನ ಒಂದನ್ನು ಹಾಕಿಕೊಟ್ಟು ಬಸ್ಸಿನವರೆಗೆ ಬಿಟ್ಟುಬಂದಳು.

ಇಪ್ಪತ್ತೊಂಬತ್ತನೆಯ ದಿನ ಮಧ್ಯಾಹ್ನ, ಭಾವ ಮೇಲೆ ಹೋದಾಗ, ನಾನು ಯಂತ್ರ ನಿಲ್ಲಿಸಿ ಅಕ್ಕನನ್ನು ಹಿಡಿದುಕೂತೆ. ಆಗಿದೆ ಎಂದುಬಿಡು ಎಂದೆ. ಒಂದು ಮಾತು, ಯಾರಿಗೂ ನಷ್ಟವಿಲ್ಲ. ಪಾಪ ಬರುವುದಿದ್ದರೆ ನನ್ನ ತಲೆಗೆ ಬರಲಿ. ಅವರಿಗೆ ನಿಜವಾಗಿಯೂ ಆಗಿದ್ದರೂ ಇರಬಹುದು, ಕಂಡಕ್ಟರ್ ಬೈದಾಗ ನೀನೇ ನೋಡಲಿಲ್ಲವೇ ಎಂದೆ.

"ನೋಡಿದೆ ಕಣೇ" ಎಂದಳು ಅಕ್ಕ. "ಕಣ್ಣು ಕಾಣದೆ ಇರೋ ಮನುಷ್ಯ ಬಾಗಿಲು ಹುಡುಕ್ತಿದ್ದ. ಇವರು ನನ್ನ ಮುಖ ನೋಡ್ತಿದ್ರು." ಕೈಯಲ್ಲಿದ್ದ ಬಟ್ಟೆಯಿಂದ ಒರೆಸಿದ ಗಾಜನ್ನೇ ಮತ್ತೆ ಒರೆಸಿದಳು. "ಬೋರ್ಡು ಬಾಯಿಪಾಠ ಆಗಿದೆ ಅವರಿಗೆ. ಮೇಲಿಂದ ಕೆಳಗಿನವರೆಗೂ ಓದ್ತಾರೆ. ಕಾಣ್ತಿಲ್ಲ."

"ಕಾಣದೆ ಇದ್ರೆ ಇರಲಿ. ನಿನಗೆ ಅವರು ಬೇಕೋ ಬೇಡ್ವೋ?"

ಅಕ್ಕ ಅತ್ತಳು. ನಮ್ಮಮ್ಮ ಹೋದಾಗಲೂ ಅವಳು ಹಾಗೆ ಅತ್ತಿರಲಿಲ್ಲ. ಬೇಕು ಎಂದಳು, ಬೇಕು ಅನ್ನುವುದಕ್ಕೇ ಭಯ ಎಂದಳು. ಸುಳ್ಳು ಹೇಳಿ ಇರಿಸಿಕೊಂಡರೆ ದಿನಾ ಬೆಳಿಗ್ಗೆ ಅವರು ನನ್ನ ಮುಖ ನೋಡುತ್ತಾರೆ, ಇವತ್ತೂ ಆಗಿದೆ ತಾನೇ ಎಂದು. ಸಾಯುವವರೆಗೆ ನಾನು ತಲೆ ಆಡಿಸಬೇಕು. ಆ ಬಾಳಿಗಿಂತ ಭಾನುವಾರದ ಕೆಮ್ಮೇ ವಾಸಿ ಎಂದಳು. ನಾನು ಅವಳ ಮೇಲೇ ರೇಗಿ, ಯಂತ್ರ ಜೋರಾಗಿ ತಿರುಗಿಸಿ ಒಂದು ಒಳ್ಳೆಯ ಗಾಜು ಹಾಳು ಮಾಡಿದೆ.

ಮೂವತ್ತನೆಯ ದಿನ ಬೆಳಿಗ್ಗೆ, ಷಟರ್ ಎತ್ತುವ ಮುಂಚೆ, ಮೂವರೂ ಅಂಗಡಿಯಲ್ಲಿ ಸೇರಿದೆವು. ಭಾವ ಸ್ನಾನ ಮಾಡಿ ಇಸ್ತ್ರಿ ಅಂಗಿ ಹಾಕಿಕೊಂಡು ಇಳಿದು ಬಂದರು. ಮೆಟ್ಟಿಲ ಕೆಳಗೆ ಅವರ ಚೀಲ ಇತ್ತು. ಚೀಲದ ಬಾಯಿ ಕಟ್ಟಿತ್ತು. ಹೊದಿಕೆಯ ಮೂಲೆಯೊಂದು ಹೊರಗೆ ಇಣುಕುತ್ತಿತ್ತು. ಅಕ್ಕ ಇನ್ನೂ ತುಟಿ ಬಿಚ್ಚಿರಲಿಲ್ಲ, ಚೀಲ ಆಗಲೇ ಸಿದ್ಧವಾಗಿತ್ತು. ನಾನು ಅದನ್ನು ನೋಡಿದೆ. ಅಕ್ಕನೂ ನೋಡಿದಳು.

"ಆಗಿಲ್ಲ ರೀ" ಎಂದಳು.

ನಾನು ಭಾವನ ಮುಖವನ್ನೇ ನೋಡುತ್ತಿದ್ದೆ. ಸಿಡಿಯುತ್ತಾರೆ, ಇಲ್ಲವೆ ಕುಸಿಯುತ್ತಾರೆ ಎಂದುಕೊಂಡಿದ್ದೆ. ಎರಡೂ ಅಲ್ಲ. ಭುಜ ಕೆಳಗಿಳಿಯಿತು, ಹಣೆಯ ಗಂಟು ಬಿಚ್ಚಿತು, ಒಂದು ತಿಂಗಳಿಂದ ಒಳಗೇ ಹಿಡಿದಿಟ್ಟ ಉಸಿರು ಹೊರಗೆ ಬಂತು. ಮನೆಗೆ ಬಂದ ಮೇಲೆ ಮೊದಲ ಸಲ ಅವರ ಮುಖ ತಿಳಿಯಾಗಿತ್ತು. ಅವರಿಗೆ ಖುಷಿಯಾಗಿತ್ತು. ಹೋಗಬಹುದಲ್ಲ ಎಂದು ಖುಷಿಯಾಗಿತ್ತು!

ಅಕ್ಕನ ಮುಖದಲ್ಲಿ ರಕ್ತವಿರಲಿಲ್ಲ. ಇಡೀ ತಿಂಗಳು ನಿಜವೋ ಸುಳ್ಳೋ ಎಂದು ತನ್ನನ್ನೇ ಅರೆದುಕೊಂಡವಳು. ಅವಳು ಯಾವುದನ್ನು ಆರಿಸಿದ್ದರೂ ಈ ಮನುಷ್ಯನ ಮನಸ್ಸು ಪಂಪ್‌ಹೌಸಿನಲ್ಲೇ ಇತ್ತು.

ಭಾವ ಚೀಲಕ್ಕೆ ಕೈ ಹಾಕಿದರು. ಅಕ್ಕ, "ಕೂತ್ಕೊಳ್ಳಿ" ಎಂದಳು. ಗಿರಾಕಿಗಳಿಗೆ ಹೇಳುವ ದನಿ. ಭಾವ ಬೆಂಚಿನ ಮೇಲೆ ಕೂತರು.

"ಆಗಿಲ್ಲ ಅಂತ ಹೋಗಬೇಡಿ. ಅದು ನೆಪ" ಎಂದಳು. "ಹೋಗೋಕೆ ಇಷ್ಟ ಇದೆ ಅಂತ ಹೇಳಿ ಹೋಗಿ. ನಾನು ಕಾಯಬೇಕಾ ಬೇಡ್ವಾ ಅಂತ ನನಗೂ ಗೊತ್ತಾಗಲಿ."

ಹೊರಗೆ ಪಕ್ಕದಂಗಡಿಯವನು ನೀರು ಚಿಮುಕಿಸಿ ಗುಡಿಸುವುದು ಕೇಳುತ್ತಿತ್ತು. ಭಾವ ನೆಲ ನೋಡುತ್ತಲೇ ಹೇಳಿದರು, "ಅಲ್ಲಿ ನನ್ನನ್ನ ಯಾರೂ ಏನೂ ಕೇಳ್ತಿರಲಿಲ್ಲ."

"ಇಲ್ಲಿ ನಾನೇನು ಕೇಳಿದ್ದೆ?"

ಅವರು ತಲೆಯೆತ್ತಿದರು. ಯೋಚಿಸಿದರು. ನಿಜವಾಗಿಯೂ ನೆನಪು ಮಾಡಿಕೊಂಡರು, ಇಪ್ಪತ್ತೆಂಟು ವರ್ಷದ ದಾಂಪತ್ಯವನ್ನು ಒಂದು ಕೊನೆಯಿಂದ ಇನ್ನೊಂದು ಕೊನೆಗೆ. ಅಕ್ಕ ಅವರನ್ನು ಏನೂ ಕೇಳಿರಲಿಲ್ಲ. ಅವರು ಹೊರಟ ದಿನ ಕೂಡ ಕೇಳಿರಲಿಲ್ಲ. ಕೇಳದೆ ಇರುವುದೇ ಒಳ್ಳೆಯತನ ಎಂದು ನಮ್ಮಕ್ಕ ತಿಳಿದಿದ್ದಳು. ನನಗೂ ಅದನ್ನೇ ಹೇಳಿಕೊಟ್ಟಿದ್ದಳು.

"ಈಗ ಕೇಳ್ತೀನಿ" ಎಂದಳು. ಮೇಜಿನ ಅಂಚು ಹಿಡಿದುಕೊಂಡಳು. "ಇರ್ತೀರಾ?"

ಭಾವ ಚೀಲವನ್ನು ನೋಡಿದರು. ಆಮೇಲೆ, ನನ್ನ ದೇವರೇ, ಆ ಮನುಷ್ಯ ಕೇಳಿದ್ದು, "ಎಷ್ಟು ದಿನ?"

ನಾನು ಕೈಗೆ ಸಿಕ್ಕಿದ್ದನ್ನು ಎಸೆಯುತ್ತಿದ್ದೆನೇನೋ. ಅಕ್ಕ ಕಣ್ಣಲ್ಲಿ ನೀರಿದ್ದೂ ನಕ್ಕಳು. "ಇವತ್ತು ಇರಿ. ನಾಳೆ ಮತ್ತೆ ಕೇಳ್ತೀನಿ" ಎಂದಳು.

"ಇವತ್ತು ಇರ್ತೀನಿ" ಎಂದರು ಭಾವ.

ಅದಾಗಿ ಆರು ವರ್ಷವಾಯಿತು. ಭಾವ ಈಗಲೂ ಬೆಳಿಗ್ಗೆ ಒಂದು ಗಂಟೆ ಕೂರುತ್ತಾರೆ. ಕೋಪ ವಾಪಸ್ಸು ಬಂದಿದೆ, ಮೊದಲಿನಷ್ಟಲ್ಲ. ಬಂದರೆ ಅಕ್ಕನ ಕಡೆ ನೋಡುವುದಿಲ್ಲ, ಯಾರ ಮೇಲೆ ಬಂತೋ ಅವರನ್ನು ನೋಡುತ್ತಾರೆ, ಕೆಲವು ಸಲ ಅರ್ಧಕ್ಕೇ ನಿಂತುಹೋಗುತ್ತದೆ. ಅವರಿಗೆ ಆಗಿದೆಯೋ ಇಲ್ಲವೋ ನಾನು ಹೇಳಲಾರೆ. ಈಗ ಅವರೂ ಕೇಳುವುದಿಲ್ಲ.

ಅಕ್ಕ ಕೇಳುತ್ತಾಳೆ. ದಿನಾ ಬೆಳಿಗ್ಗೆ, ಷಟರ್ ಎತ್ತುವ ಮುಂಚೆ, ಕೈಗೆ ಚಹಾ ಕೊಡುತ್ತ, "ಇವತ್ತು ಇರ್ತೀರಾ?" ಎಂದು ಕೇಳುತ್ತಾಳೆ. ಬಾಯಿಮಾತಿಗೆ ಕೇಳುವುದಲ್ಲ, ಉತ್ತರ ಬರುವವರೆಗೆ ಲೋಟ ಬಿಡುವುದಿಲ್ಲ. ಭಾವನೂ ಬಾಯಿಮಾತಿಗೆ ಹೇಳುವವರಲ್ಲ, ಯೋಚಿಸಿ ಹೇಳುತ್ತಾರೆ. ಬಹಳಷ್ಟು ದಿನ ಕೂಡಲೇ ಹೂಂ ಅನ್ನುತ್ತಾರೆ. ಕೆಲವು ದಿನ ತಡವಾಗುತ್ತದೆ. ಆಗ ಅಕ್ಕನ ಮುಖ ನೋಡುವ ಧೈರ್ಯ ನನಗಿಲ್ಲ. ಬೀಗದ ಕೈ ಹುಡುಕುವವಳಂತೆ ಬಗ್ಗಿ, ಅದನ್ನು ಮುಷ್ಟಿಯಲ್ಲೇ ಹಿಡಿದುಕೊಂಡು, ಕಿವಿ ಮಾತ್ರ ಅತ್ತ ಕೊಟ್ಟು ನಿಂತಿರುತ್ತೇನೆ.